ಲಾವಂಚ

ಬೇಸಿಗೆಯಲ್ಲಿ ಮಡಕೆಯ ನೀರಿಗೆ ಹಾಕುವ ಕಂದು ಬೇರಿನ ಕಂತೆಯೇ ನಮಗೆ ಗೊತ್ತಿರುವ ಲಾವಂಚ. ನೀರು ತಾಗಿದೊಡನೆ ಅದರಿಂದ ಮೊದಲ ಮಳೆಯ ಮಣ್ಣಿನ ಘಮ ಏಳುತ್ತದೆ. ಸಂಸ್ಕೃತದ ‘ಲಾಮಜ್ಜಕ’ ಕನ್ನಡದಲ್ಲಿ ಲಾಮಂಚ, ಲಾವಂಚ ಆಯಿತು. ತಮಿಳಿನ ‘ವೆಟ್ಟಿವೇರ್’ ಇಂಗ್ಲಿಷಿಗೆ ಹೋಗಿ ‘ವೆಟಿವರ್’ ಆಗಿ, ಈಗ ರಸ್ತೆ ಎಂಜಿನಿಯರುಗಳ ಬಾಯಲ್ಲಿದೆ.

ಅದಕ್ಕೆ ಕಾರಣ ಈ ಹುಲ್ಲಿನ ಬೇರು. ಅದು ಪಕ್ಕಕ್ಕೆ ಹರಡದೆ ನೇರ ಕೆಳಗಿಳಿಯುತ್ತದೆ. ಒಳ್ಳೆಯ ಮಣ್ಣಿನಲ್ಲಿ 3 ಮೀಟರ್‌ವರೆಗೂ. ಮಳೆಗಾಲದ ಮೊದಲಲ್ಲಿ ಬುಡ ಸೀಳಿ, ಇಳಿಜಾರಾದ ಧರೆಗೆ ಅಡ್ಡಲಾಗಿ, ಒಂದೇ ಮಟ್ಟದಲ್ಲಿ, 10ರಿಂದ 15 ಸೆಂಟಿಮೀಟರಿಗೊಂದರಂತೆ ನೆಡಬೇಕು. ತೆಂಡೆಗಳು ಬೆಳೆದು ಕೂಡಿಕೊಂಡ ಮೇಲೆ ಇಳಿಯುವ ನೀರು ಸಾಲಿನ ಹಿಂದೆ ನಿಧಾನಿಸುತ್ತದೆ, ಮಣ್ಣನ್ನು ಅಲ್ಲೇ ಬಿಟ್ಟು ಸೋಸಿಕೊಂಡು ಮುಂದೆ ಹೋಗುತ್ತದೆ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಇದನ್ನು ಜಗತ್ತಿಗೆ ಸಾರಿದರು. ಗುಂಡ್ಲುಪೇಟೆಯ ರೈತರಾದರೋ ಅದಕ್ಕೂ ಎಷ್ಟೋ ತಲೆಮಾರು ಮೊದಲೇ ಹೊಲದ ಗಡಿಗೆ ಲಾವಂಚ ನೆಟ್ಟು ಕಾಪಾಡಿಕೊಂಡು ಬಂದಿದ್ದರು. ಆ ಹೆಸರಿಲ್ಲದ ರೈತರಿಗೆ ನಾವು ಋಣಿಗಳು.

ತರೀಕೆರೆಯಿಂದ ಲಿಂಗದಹಳ್ಳಿ ದಾಟಿ ಕೆಮ್ಮಣ್ಣುಗುಂಡಿಗೆ ಹತ್ತುವಾಗ ಕಡಿದ ಧರೆಯ ಕೆಮ್ಮಣ್ಣು ಕಣ್ಣಿಗೆ ರಾಚುತ್ತದೆ. ಇಂಥ ಕಡೆ, ದುಡ್ಡು ಕಡಿಮೆಯಿರುವ ರಸ್ತೆಗಳಲ್ಲಿ, ಈ ಹುಲ್ಲನ್ನು ನೆಡಲೇಬೇಕು ಎಂಬುದು ನನ್ನ ಮಾತು. ಗುಡ್ಡವೇ ಆಳದಿಂದ ಜಾರುವಲ್ಲಿ ಮಾತ್ರ ಇದೊಂದೇ ಸಾಲದು. ಕಲ್ಲಿನ ಗೋಡೆ, ನೀರು ಹೋಗಲು ಚರಂಡಿ ಬೇಕೇ ಬೇಕು. ಮರದ ದಟ್ಟ ನೆರಳಿನಲ್ಲಿ ಲಾವಂಚ ಸೊರಗುತ್ತದೆ, ಬಿಸಿಲು ಬೀಳುವ ಬೋಳು ಧರೆಯನ್ನೇ ಆರಿಸಿಕೊಳ್ಳಬೇಕು.