"ಕೋಬಾಲ್ಟೂ ಐತಂತ!" - ಇಂಗಳದಾಳದ ಒಂದು ಹಳೇ ಲೆಕ್ಕ

ನಮ್ಮೂರು ಇಟ್ಟಂಗಿಹಾಳ, ವಿಜಯಪುರದ ಪಕ್ಕದಲ್ಲೇ. ನನ್ನ ಸೋದರಮಾವನ ಮಗ, ವಯಸ್ಸಿನಲ್ಲಿ ನನಗಿಂತ ದೊಡ್ಡವನು, ಒಣದ್ರಾಕ್ಷಿ ಮಾರಿ ಬಂದ ದುಡ್ಡಿನಲ್ಲಿ ಒಂದು ಪಾಲನ್ನು ಷೇರಿಗೆ ಹಾಕಬೇಕು ಅಂತ ಕೂತಿದ್ದಾನೆ. ಬಾವಿ ತೋಡಿಸಲು ಇಟ್ಟಿದ್ದ ದುಡ್ಡು ಬೇರೆ. ವಿದೇಶದ ಒಂದು ಸಣ್ಣ ತಾಮ್ರದ ಕಂಪನಿಯಂತೆ. ಗಣಿ ಇನ್ನೂ ಪೂರ್ತಿ ಶುರುವಾಗಿಲ್ಲ, ಕೊರೆಯುತ್ತಿದ್ದಾರೆ ಅಷ್ಟೆ. ಇಂಥವನ್ನು ಆ ವಲಯದಲ್ಲಿ "ಜೂನಿಯರ್" ಅಂತಾರೆ. ಹೋದ ವಾರ ಫೋನ್ ಮಾಡಿ ಕೇಳಿದ:

"ತಮ್ಮಾ, ತಾಮ್ರ ಅಂತೂ ಐತಿ. ಜೋಡಿ ಕೋಬಾಲ್ಟೂ ಐತಂತ. ಬ್ಯಾಟರಿಗೆ ಬೇಕಾಗೂದು ಅದ ಅಲ್ಲೇನು? ತಗೋಳಲೇನು?"

"ಅಣ್ಣಾ, ಕೋಬಾಲ್ಟ್ ನಿನ್ನ ಹೊಲದಾಗೂ ಐತಿ" ಅಂದೆ. ನಕ್ಕ. ನಾನು ತಮಾಷೆಗೆ ಹೇಳಿದ್ದಲ್ಲ. ನಮ್ಮ ಕಡೆಯ ಎರೆ ಮಣ್ಣಿನ ಕೆಳಗಿರುವ ಕರಿಕಲ್ಲು ಬಸಾಲ್ಟ್. ಸಾಮಾನ್ಯವಾಗಿ ಒಂದು ಟನ್ ಬಸಾಲ್ಟಿನಲ್ಲಿ 40-50 ಗ್ರಾಂ ಕೋಬಾಲ್ಟ್ ಇರುತ್ತದೆ. ಟನ್ನಿಗೆ 30,000 ಡಾಲರ್ ಬೆಲೆ ಅಂತ ಹಿಡಿದರೂ ಅಷ್ಟು ಕಲ್ಲಿನಲ್ಲಿರುವ ಕೋಬಾಲ್ಟಿನ ಬೆಲೆ ಒಂದೂವರೆ ಡಾಲರ್. ಅದನ್ನು ಹೊರತೆಗೆಯಲು ಎಷ್ಟು ಖರ್ಚಾದೀತು ಅನ್ನುವುದು ಬೇರೆ ಮಾತು. "ಐತಿ" ಅನ್ನುವ ಪದಕ್ಕೆ ಗಣಿಯವರ ಭಾಷೆಯಲ್ಲಿ ಬಹಳ ಅರ್ಥಗಳಿವೆ ಸ್ನೇಹಿತರೇ. ಇದಕ್ಕೆ ನಮ್ಮ ರಾಜ್ಯದಲ್ಲೇ ಒಂದು ಚೆಂದದ ಉದಾಹರಣೆ ಇದೆ, ಚಿತ್ರದುರ್ಗದ ಹತ್ತಿರದ ಇಂಗಳದಾಳ. ಅಲ್ಲಿಗೆ ಹೋಗುವ ಮೊದಲು ಕೋಬಾಲ್ಟಿನ ಹಳೇ ಪುರಾಣ ಸ್ವಲ್ಪ ನೋಡೋಣ.

ಈ ಲೋಹದ ಹೆಸರೇ ಒಂದು ಬೈಗುಳ. ಜರ್ಮನಿಯ ಗಣಿಕೆಲಸದವರಿಗೆ ಬೆಳ್ಳಿಯ ಅದಿರಿನ ಹಾಗೆ ಕಾಣುವ ಒಂದು ಕಲ್ಲು ಸಿಗುತ್ತಿತ್ತು. ಕರಗಿಸಿದರೆ ಬೆಳ್ಳಿಯೂ ಬರುತ್ತಿರಲಿಲ್ಲ, ತಾಮ್ರವೂ ಬರುತ್ತಿರಲಿಲ್ಲ. ಬರುತ್ತಿದ್ದುದು ಆರ್ಸೆನಿಕ್‌ನ ವಿಷದ ಹೊಗೆ. ಇದು ನೆಲದೊಳಗಿನ ಕುಚೇಷ್ಟೆಯ ಭೂತ "ಕೋಬೋಲ್ಡ್"ನ ಕೆಲಸ ಅಂತ ಅವರು ನಂಬಿದ್ದರು. ಆ ಕಲ್ಲಿನೊಳಗೆ ಹೊಸದೊಂದು ಲೋಹವಿದೆ ಅಂತ ಸ್ವೀಡನ್ನಿನ ಗಿಯಾರ್ಗ್ ಬ್ರಾಂಟ್ ತೋರಿಸಿಕೊಟ್ಟದ್ದು 1730ರ ದಶಕದಲ್ಲಿ. ಭೂತದ ಹೆಸರು ಮಾತ್ರ ಹಾಗೇ ಉಳಿಯಿತು :)

ಲೋಹ ಗೊತ್ತಿಲ್ಲದಿದ್ದರೂ ಅದರ ಬಣ್ಣ ಗೊತ್ತಿತ್ತು. 1301ರಲ್ಲಿ ಕಾಶಾನಿನ ಅಬುಲ್ ಕಾಸಿಮ್ ಹೆಂಚಿನ ಕೆಲಸದ ಬಗ್ಗೆ ಬರೆಯುವಾಗ, ಕಮ್ಸರ್ ಅನ್ನುವ ಊರಿನಿಂದ ಬರುವ ನೀಲಿ ಕಲ್ಲನ್ನು ಹೆಸರಿಸುತ್ತಾನೆ. ಅದು ಕೋಬಾಲ್ಟಿನ ಅದಿರು. ಇರಾನಿನ ಹೊಳೆಯುವ ಹೆಂಚುಗಳ ಕಡುನೀಲಿ ಬಂದದ್ದು ಇಂಥ ಕಲ್ಲಿನಿಂದಲೇ. ಆ ಕಲೆ ನಮ್ಮ ಬೀದರಿಗೂ ಬಂತು. 1472ರಲ್ಲಿ ಮುಗಿದ ಮಹಮೂದ್ ಗಾವಾನನ ಮದರಸಾದ ಗೋಡೆಯಲ್ಲಿ ಉಳಿದಿರುವ ಹೆಂಚುಗಳನ್ನು ನೋಡಿದವರಿಗೆ ಆ ನೀಲಿಯ ಪರಂಪರೆ ಗೊತ್ತಿರುತ್ತದೆ. (ನಮ್ಮ ಗೋಳಗುಮ್ಮಟಕ್ಕೆ ಆ ಭಾಗ್ಯ ಇಲ್ಲ, ಅದರ ಗಾಂಭೀರ್ಯ ಬೇರೆ.)

ಭಾರತದಲ್ಲಿ ತಾಮ್ರದ ಗಣಿಯಿಂದಲೇ ಕೋಬಾಲ್ಟ್ ತೆಗೆದು ಬಳಸಿದ ಹಳೇ ಉದಾಹರಣೆ ರಾಜಸ್ಥಾನದ ಖೇತ್ರಿ. ಅಲ್ಲಿ ಸಿಗುತ್ತಿದ್ದ ಕೋಬಾಲ್ಟಿನ ಅದಿರಿಗೆ "ಸೇಹ್ತಾ" ಅನ್ನುತ್ತಿದ್ದರು. ಜಯಪುರದ ಮೀನಾಕಾರಿ ಕೆಲಸದವರು ಆಭರಣಕ್ಕೆ ನೀಲಿ ಕೊಡಲು ಅದನ್ನೇ ಬಳಸುತ್ತಿದ್ದರು. ಭೂವೈಜ್ಞಾನಿಕ ಸರ್ವೇಕ್ಷಣೆಯ ಮ್ಯಾಲೆಟ್ 1881ರಲ್ಲಿ ಖೇತ್ರಿಯ ಈ ಖನಿಜಗಳ ಬಗ್ಗೆ ಬರೆದಿದ್ದಾನೆ. ಇಲ್ಲಿ ಒಂದು ಮಾತು ಗಮನಿಸಿ. ಖೇತ್ರಿಯ ಸೇಹ್ತಾ ಕೋಬಾಲ್ಟಿನದೇ ಖನಿಜ. ಕೈಯಲ್ಲಿ ಹಿಡಿದು ಬೇರೆ ಮಾಡಬಹುದಾದದ್ದು. ಕೊಳ್ಳುವ ಅಕ್ಕಸಾಲಿಗನೂ ಜಯಪುರದಲ್ಲೇ ಇದ್ದ.

ಇನ್ನು ಇಂಗಳದಾಳ. ಚಿತ್ರದುರ್ಗದ ಹಸಿರು ಶಿಲೆಗಳ ಪಟ್ಟಿ 250 ಕೋಟಿ ವರ್ಷಕ್ಕೂ ಹಳೆಯದು. ಸಮುದ್ರದ ತಳದಲ್ಲಿ ಲಾವಾ ಉಕ್ಕಿ ದಿಂಬುಗಳ ಹಾಗೆ ಹೆಪ್ಪುಗಟ್ಟಿದ ಕಲ್ಲುಗಳನ್ನು ಅಲ್ಲೇ ಮರಡಿಹಳ್ಳಿಯಲ್ಲಿ ಕಾಣಬಹುದು, ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಇಂಥ ಜ್ವಾಲಾಮುಖಿ ಶಿಲೆಗಳ ನಡುವೆಯೇ ಇಂಗಳದಾಳದ ತಾಮ್ರ. ಅದನ್ನು ತೆಗೆದದ್ದು ಚಿತ್ರದುರ್ಗ ಕಾಪರ್ ಕಂಪನಿ, ಕರ್ನಾಟಕ ಸರ್ಕಾರದ್ದು. ಕಡೆಗೆ ಅದು ಹಟ್ಟಿ ಚಿನ್ನದ ಗಣಿ ಕಂಪನಿಯೊಳಗೆ ಸೇರಿಹೋಯಿತು, ತಾಮ್ರದ ಕೆಲಸ ನಿಂತಿತು. ತುಮಕೂರು ಜಿಲ್ಲೆಯ ಅಜ್ಜನಹಳ್ಳಿಯ ಚಿನ್ನದ ಅದಿರನ್ನು ಇಂಗಳದಾಳದ ಕಾರ್ಖಾನೆಯಲ್ಲಿ ಅರೆದ ಕಾಲವೂ ಇತ್ತು. ಷೇರು ಪೇಟೆಯಲ್ಲಿ ಅದರ ಷೇರು ಕೊಳ್ಳುವ ಅವಕಾಶ ಇರಲಿಲ್ಲ. ಒಂದು ಲೆಕ್ಕಕ್ಕೆ ತೆರಿಗೆ ಕಟ್ಟುವ ನಾವೆಲ್ಲ ಅದರ ಷೇರುದಾರರೇ.

ನನ್ನ ಮಟ್ಟಿಗೆ ಸ್ವಾರಸ್ಯ ಇರುವುದು 1979ರಲ್ಲಿ. ಆ ವರ್ಷ "ಮಿನರಾಲಿಯಂ ಡಿಪಾಸಿಟಾ" ಅನ್ನುವ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಎ. ಮುಖರ್ಜಿ ಮತ್ತು ಆರ್. ಫಿಲಿಪ್ ಅವರ ಒಂದು ಪ್ರಬಂಧ ಬಂತು. ವಿಷಯ: ಇಂಗಳದಾಳದ ಅದಿರು ಮತ್ತು ಸುತ್ತಲ ಶಿಲೆಗಳಲ್ಲಿ ತಾಮ್ರ, ಕೋಬಾಲ್ಟ್ ಮತ್ತು ನಿಕಲ್ ಹೇಗೆ ಹಂಚಿಕೆಯಾಗಿವೆ ಅನ್ನುವುದು. ಅದಕ್ಕೆ ಹಿಂದಿನ ವರ್ಷವೇ, 1978ರ ಮೇ ತಿಂಗಳಲ್ಲಿ, ಆಗ ಜೈರ್ ಅನ್ನುತ್ತಿದ್ದ ಕಾಂಗೋದ ಶಾಬಾ ಪ್ರಾಂತ್ಯಕ್ಕೆ ಬಂಡುಕೋರರು ನುಗ್ಗಿ ಕೋಬಾಲ್ಟಿನ ಪೇಟೆಯೇ ನಡುಗಿತ್ತು. ರತ್ತಲಿಗೆ ಸುಮಾರು 7 ಡಾಲರ್ ಇದ್ದ ಬೆಲೆ 1979ರ ಹೊತ್ತಿಗೆ 25 ಡಾಲರ್. ಜಗತ್ತೆಲ್ಲ ಕೋಬಾಲ್ಟ್ ಎಲ್ಲಿದೆ ಅಂತ ಹುಡುಕುತ್ತಿದ್ದಾಗ ನಮ್ಮ ರಾಜ್ಯದ ಒಂದು ಸಣ್ಣ ತಾಮ್ರದ ಗಣಿಯ ಕೋಬಾಲ್ಟ್ ಲೆಕ್ಕ ಅಚ್ಚಾಗಿ ಕೂತಿತ್ತು!

ಆದರೆ ಆ ಲೆಕ್ಕ ಮಾರಾಟಕ್ಕೆ ಮಾಡಿದ್ದಲ್ಲ. ಗಂಧಕ ಮತ್ತು ಕಬ್ಬಿಣದ ಖನಿಜವಾದ ಪೈರೈಟ್‌ನೊಳಗೆ ಕೋಬಾಲ್ಟ್ ಹೆಚ್ಚೋ ನಿಕಲ್ ಹೆಚ್ಚೋ ಅನ್ನುವುದು ಆ ಅದಿರು ಹುಟ್ಟಿದ ಬಗೆಗೆ ಒಂದು ಸುಳಿವು. ಕೋಬಾಲ್ಟ್ ಹೆಚ್ಚಿದ್ದರೆ ಜ್ವಾಲಾಮುಖಿಯ ಬಿಸಿನೀರಿನ ಕಡೆಗೆ ಬೊಟ್ಟು, ನಿಕಲ್ ಹೆಚ್ಚಿದ್ದರೆ ಸಾಮಾನ್ಯವಾಗಿ ಕೆಸರು ಮಡ್ಡಿಯ ಕಡೆಗೆ. ಅಂದರೆ ಕೋಬಾಲ್ಟ್ ಇಲ್ಲಿ ಸರಕಲ್ಲ, ಸಾಕ್ಷಿ. ಎರಡಕ್ಕೂ ಮಾಡುವ ಪರೀಕ್ಷೆ ಹೆಚ್ಚು ಕಡಿಮೆ ಒಂದೇ. ನಮ್ಮಣ್ಣ ನೋಡುತ್ತಿರುವ ಕಂಪನಿಯ ಕಾಗದದಲ್ಲಿರುವ ಕೋಬಾಲ್ಟ್ ಸರಕೋ ಸಾಕ್ಷಿಯೋ ಅನ್ನುವುದೇ ಕೇಳಬೇಕಾದ ಮೊದಲ ಪ್ರಶ್ನೆ.

ಯಾಕೆ ಅಂತ ಹೇಳುತ್ತೇನೆ. ತಾಮ್ರದ ಅದಿರನ್ನು ಹಿಟ್ಟು ಮಾಡಿ ನೀರಿಗೆ ಹಾಕಿ, ಔಷಧಿ ಬೆರೆಸಿ, ಗಾಳಿ ಊದಿ ನೊರೆ ಎಬ್ಬಿಸುತ್ತಾರೆ. ತಾಮ್ರದ ಖನಿಜ ನೊರೆಗೆ ಅಂಟಿಕೊಂಡು ಮೇಲೆ ಬರುತ್ತದೆ. ಪೈರೈಟ್ ಮೇಲೆ ಬರಬಾರದು ಅಂತ ಸುಣ್ಣ ಹಾಕಿ ಅದನ್ನು ಕೆಳಗೇ ಅದುಮುತ್ತಾರೆ. ಕೋಬಾಲ್ಟ್ ಇರುವುದು ಪೈರೈಟ್‌ನೊಳಗಾದರೆ ಅದೂ ಅದರ ಜೊತೆಗೇ ಕೆಳಗೆ, ಅಲ್ಲಿಂದ ತ್ಯಾಜ್ಯದ ಗುಡ್ಡಕ್ಕೆ. ಅಪ್ಪಿತಪ್ಪಿ ತಾಮ್ರದ ಜೊತೆ ಹೋದರೂ ಕುಲುಮೆಯಲ್ಲಿ ಬಹುಪಾಲು ಕಿಟ್ಟಕ್ಕೆ ಸೇರುತ್ತದೆ, ಕುಲುಮೆಯವನು ಅದಕ್ಕೆ ದುಡ್ಡು ಕೊಡುವುದಿಲ್ಲ. ಗಣಿ ಗೆದ್ದಷ್ಟೂ ಕೋಬಾಲ್ಟ್ ಕಸಕ್ಕೆ ಹೋಗುವ ವಿಚಿತ್ರ ಇದು.

ಕಸದಿಂದ ತೆಗೆದವರೂ ಇದ್ದಾರೆ ಅನ್ನಿ. ಉಗಾಂಡಾದ ಕಿಲೆಂಬೆ ತಾಮ್ರದ ಗಣಿಯವರು ಪೈರೈಟನ್ನು ಬೇರೆ ಮಾಡಿ ಕಸೇಸೆ ಪಟ್ಟಣದ ಹತ್ತಿರ ಗುಡ್ಡೆ ಹಾಕಿದ್ದರು. ಸುಮಾರು 11 ಲಕ್ಷ ಟನ್, ಅದರಲ್ಲಿ ಶೇಕಡಾ 1.4ರಷ್ಟು ಕೋಬಾಲ್ಟ್. ಗಣಿ ನಿಂತು ಎಷ್ಟೋ ವರ್ಷದ ಮೇಲೆ, 1999ರಿಂದ, ಕಸೇಸೆ ಕೋಬಾಲ್ಟ್ ಕಂಪನಿ ಆ ಗುಡ್ಡೆಗೆ ಬ್ಯಾಕ್ಟೀರಿಯಾ ಬಿಟ್ಟು ಪೈರೈಟನ್ನು ಕರಗಿಸಿ ಕೋಬಾಲ್ಟ್ ತೆಗೆಯಿತು. ಗುಡ್ಡೆ ಮುಗಿದ ಮೇಲೆ ಕೆಲಸವೂ ಮುಗಿಯಿತು. ಅಗೆಯುವ ಅರೆಯುವ ಖರ್ಚು ಮೊದಲೇ ಯಾರೋ ಭರಿಸಿದ್ದರು, ಸತ್ವವೂ ಚೆನ್ನಾಗಿತ್ತು. ಇವೆರಡೂ ಇಲ್ಲದ ಕಡೆ ಕಿಲೆಂಬೆಯ ಹೆಸರು ಹೇಳುವ ಕಂಪನಿಯನ್ನು ನಾನಂತೂ ನಂಬುವುದಿಲ್ಲ.

ಜೂನಿಯರ್ ಕಂಪನಿಗಳ ಇನ್ನೊಂದು ಚಾಳಿ "ತಾಮ್ರಕ್ಕೆ ಸಮಾನ" ಅನ್ನುವ ಅಂಕಿ. ಅದಿರಿನಲ್ಲಿ ಶೇಕಡಾ 1 ತಾಮ್ರ, ಶೇಕಡಾ 0.05 ಕೋಬಾಲ್ಟ್ ಅಂದುಕೊಳ್ಳಿ. ತಾಮ್ರ ಟನ್ನಿಗೆ 9,000 ಡಾಲರ್, ಕೋಬಾಲ್ಟ್ 30,000 ಅಂತ ಹಿಡಿದರೆ ಒಂದು ಟನ್ ಕಲ್ಲಿನಲ್ಲಿ 90 ಡಾಲರಿನ ತಾಮ್ರ, 15 ಡಾಲರಿನ ಕೋಬಾಲ್ಟ್. ಎರಡನ್ನೂ ಕೂಡಿಸಿ ಶೇಕಡಾ 1.17 ತಾಮ್ರಕ್ಕೆ ಸಮ ಅಂತ ದಪ್ಪಕ್ಷರದಲ್ಲಿ ಹಾಕಬಹುದು. ಆ ಕೋಬಾಲ್ಟ್ ಗುಡ್ಡಕ್ಕೆ ಹೋಗುವುದಾದರೆ 15 ಡಾಲರ್ ಸೊನ್ನೆ. 1997ರಲ್ಲಿ ಬ್ರೆ-ಎಕ್ಸ್ ಅನ್ನುವ ಕೆನಡಾದ ಕಂಪನಿ ಇಂಡೋನೇಷ್ಯಾದಲ್ಲಿ ಇಲ್ಲದ ಚಿನ್ನ ತೋರಿಸಿದ್ದು ಬಯಲಾದ ಮೇಲೆ, 2001ರಲ್ಲಿ ಅಲ್ಲಿ ಕಟ್ಟುನಿಟ್ಟಿನ ನಿಯಮ ಬಂತು. ಅರ್ಹ ತಜ್ಞನೊಬ್ಬ ಹೊಣೆ ಹೊತ್ತು ವರದಿ ಕೊಡಬೇಕು. ನಮ್ಮಣ್ಣನಿಗೆ ನಾನು ಹೇಳಿದ್ದು ಆ ವರದಿ ತರಿಸಿಕೋ ಅಂತ. ಕೋಬಾಲ್ಟ್ ಯಾವ ಖನಿಜದಲ್ಲಿದೆ, ಪರೀಕ್ಷೆಯಲ್ಲಿ ಎಷ್ಟು ಪಾಲು ಕೈಗೆ ಬಂತು, ಕೊಳ್ಳುವವನು ಯಾರು, ಯಾವ ವರ್ಷದ ಬೆಲೆ ಹಿಡಿದಿದ್ದಾರೆ, ಇಷ್ಟು ನೋಡು ಅಂದೆ. "ಇಷ್ಟೆಲ್ಲಾ ಯಾರ ಓದ್ತಾರೋ" ಅಂದ. ಬಾವಿ ತೋಡುವ ಮೊದಲು ನೀರು ನೋಡಿಸುತ್ತಾನಲ್ಲ, ಹಾಗೆ.

ಬೆಲೆಯ ವರ್ಷ ಯಾಕೆ ಮುಖ್ಯ ಅಂದರೆ, 2018ರ ಮಾರ್ಚ್‌ನಲ್ಲಿ ಟನ್ನಿಗೆ 90,000 ಡಾಲರ್ ದಾಟಿದ್ದ ಕೋಬಾಲ್ಟ್ 2019ರಲ್ಲಿ 30,000ದ ಆಸುಪಾಸಿಗೆ ಬಂತು. 2022ರಲ್ಲಿ ಮತ್ತೆ 80,000. 2025ರ ಫೆಬ್ರವರಿಯಲ್ಲಿ ಸುಮಾರು 21,000ಕ್ಕೆ ಕುಸಿದಾಗ ಕಾಂಗೋ ಸರ್ಕಾರ ರಫ್ತನ್ನೇ ನಿಲ್ಲಿಸಿತು, ಬೆಲೆ ಮತ್ತೆ ಏರಿತು. ಮೊರಾಕ್ಕೋದ ಬೂ ಅಜ್ಜೆರ್‌ನಂಥ ಅಪರೂಪದ ಗಣಿ ಬಿಟ್ಟರೆ ಕೋಬಾಲ್ಟ್ ಬರುವುದೆಲ್ಲ ತಾಮ್ರದ ಅಥವಾ ನಿಕಲ್‌ನ ಬಾಲ ಹಿಡಿದು.

ನಮ್ಮ ಸರ್ಕಾರದ ಪುಸ್ತಕದಲ್ಲೂ ಇದೇ ಕಥೆ. ಭಾರತೀಯ ಗಣಿ ಬ್ಯೂರೋ ಲೆಕ್ಕದಂತೆ ದೇಶದಲ್ಲಿ 4.49 ಕೋಟಿ ಟನ್ ಕೋಬಾಲ್ಟ್ ಅದಿರಿನ ಸಂಪನ್ಮೂಲ ಇದೆ. ಶೇಕಡಾ 69 ಒಡಿಶಾದಲ್ಲಿ, ಉಳಿದದ್ದು ಜಾರ್ಖಂಡ್ ಮತ್ತು ನಾಗಾಲ್ಯಾಂಡಿನಲ್ಲಿ. ಲಾಭಕ್ಕೆ ತೆಗೆಯಬಹುದು ಅಂತ ಖಚಿತವಾದ "ನಿಕ್ಷೇಪ"ದ ಕಾಲಂನಲ್ಲಿ ಸೊನ್ನೆ. 2023ರಲ್ಲಿ ಕೇಂದ್ರ ಸರ್ಕಾರ 30 ನಿರ್ಣಾಯಕ ಖನಿಜಗಳ ಪಟ್ಟಿ ಮಾಡಿದಾಗ ತಾಮ್ರ, ಕೋಬಾಲ್ಟ್ ಎರಡನ್ನೂ ಸೇರಿಸಿತು. 2024ರಲ್ಲಿ ಕೋಲಾರದ 13 ಟೈಲಿಂಗ್ ಗುಡ್ಡಗಳಿಂದ ಮತ್ತೆ ಚಿನ್ನ ತೆಗೆಸಲು ರಾಜ್ಯ ಸಂಪುಟವೂ ಒಪ್ಪಿತು. ಕೋಬಾಲ್ಟ್ ಸಂಪನ್ಮೂಲದ ಆ ಲೆಕ್ಕದಲ್ಲಿ ಕರ್ನಾಟಕದ ಹೆಸರಿಲ್ಲ, ಇಂಗಳದಾಳದ್ದೂ ಇಲ್ಲ. ನಾಳೆ ಯಾರಾದರೂ ಅಲ್ಲಿ ಕೋಬಾಲ್ಟ್ ಹುಡುಕಲು ಹೊರಟರೆ ಮೊದಲು ತೆರೆಯಬೇಕಾದದ್ದು 1979ರ ಆ ಪ್ರಬಂಧವನ್ನೇ.