ಕಾಯಕದಿಂದ ಹೆಸರಾದ ಶರಣೆಯರು

ಬಸವಕಲ್ಯಾಣ ತಾಲ್ಲೂಕಿನ ಮುಡಬಿ ಒಂದು ಹೋಬಳಿ ಕೇಂದ್ರ. ಹನ್ನೆರಡನೆಯ ಶತಮಾನದ ಕಲ್ಯಾಣದ ಆಸುಪಾಸಿನ ನೆಲವಿದು. ಇಲ್ಲಿಯ ತೊಗರಿ-ಜೋಳದ ಹೊಲಗಳಲ್ಲಿ ಕಳೆ ತೆಗೆಯುವ ತಾಯಿ ಬೆಳಗಿನಿಂದ ಬೈಗಿನವರೆಗೆ ದುಡಿಯುತ್ತಾಳೆ. ಆದರೂ ಊರು ಆಕೆಯನ್ನು ಗುರುತಿಸುವುದು ಇಂಥವರ ಮಗಳು, ಇಂಥವರ ಹೆಂಡತಿ, ಇಂಥವರ ತಾಯಿ ಎಂದೇ ಹೊರತು ಆಕೆಯ ದುಡಿಮೆಯಿಂದಲ್ಲ. ಅವಳ ಮಗಳು ಶಾಲೆ ಮುಗಿಸಿ ನಿಂತಾಗ 'ಮುಂದೇನು?' ಎಂಬ ಪ್ರಶ್ನೆಗೆ ಮನೆಯವರು ಕೊಡುವ ಉತ್ತರವೂ ಬಹುಮಟ್ಟಿಗೆ ಸಂಬಂಧದ ಮಾತೇ ಆಗಿರುತ್ತದೆ. ಹೆಣ್ಣು ತನ್ನ ಬಾಳಿನ ಕೆಲಸವನ್ನು ತಾನೇ ಕಂಡುಕೊಳ್ಳುವುದು ಹೊಸ ಕಾಲದ ಹಂಬಲವೆಂದು ಹಲವರ ಭಾವನೆ. ಕಲ್ಯಾಣದ ಇತಿಹಾಸ ಬೇರೊಂದು ಸಂಗತಿಯನ್ನು ಹೇಳುತ್ತದೆ.

1993ರಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನ ಸಾಹಿತ್ಯವನ್ನು ಹದಿನೈದು ಸಂಪುಟಗಳಲ್ಲಿ ಪ್ರಕಟಿಸಿದಾಗ ಐದನೆಯ ಸಂಪುಟವನ್ನು ಶರಣೆಯರ ವಚನಗಳಿಗೆ ಮೀಸಲಿಟ್ಟಿತು. ಡಾ. ವೀರಣ್ಣ ರಾಜೂರ ಅವರು ಸಂಪಾದಿಸಿದ ಈ ಸಂಪುಟದಲ್ಲಿ ಮೂವತ್ತಕ್ಕೂ ಹೆಚ್ಚು ವಚನಕಾರ್ತಿಯರಿದ್ದಾರೆ. ಅಕ್ಕಮಹಾದೇವಿಯ ಕೀರ್ತಿಯ ಪ್ರಭೆಯಲ್ಲಿ ಉಳಿದವರು ಮರೆಯಾಗಿರುವುದು ಸಹಜ. ಆದರೆ ಅವರ ಹೆಸರುಗಳನ್ನೊಮ್ಮೆ ನಿಧಾನವಾಗಿ ಓದಬೇಕು: ಕದಿರ ರೆಮ್ಮವ್ವೆ, ಕದಿರ ಕಾಯಕದ ಕಾಳವ್ವೆ, ಕೊಟ್ಟಣದ ಸೋಮಮ್ಮ, ಧೂಪದ ಗೊಗ್ಗವ್ವೆ, ಆಯ್ದಕ್ಕಿ ಲಕ್ಕಮ್ಮ. ಇವು ಕುಲದ ಹೆಸರುಗಳಲ್ಲ, ತಂದೆಯ ಹೆಸರುಗಳೂ ಅಲ್ಲ. ನೂಲುವ ಕದಿರು, ಭತ್ತ ಕುಟ್ಟುವ ಕೊಟ್ಟಣ, ಪೂಜೆಯ ಧೂಪ, ಆಯ್ದು ತಂದ ಅಕ್ಕಿ. ಇವೇ ಅವರ ಬಿರುದುಗಳು. ಅರಸನ ಆಸ್ಥಾನದಲ್ಲಿ ಯುದ್ಧದಿಂದ, ಪಾಂಡಿತ್ಯದಿಂದ ಗಂಡಸರು ಬಿರುದು ಪಡೆಯುತ್ತಿದ್ದ ಕಾಲದಲ್ಲಿ ಶರಣರ ಸಮಾಜವು ಹೆಂಗಸರಿಗೆ ಅವರ ಕೈಗೆಲಸದಿಂದಲೇ ಹೆಸರು ಕೊಟ್ಟಿತು.

ರೆಮ್ಮವ್ವೆಯ ಅಂಕಿತವಂತೂ ಇನ್ನೂ ಗಮನಾರ್ಹ. 'ಕದಿರ ರೆಮ್ಮಿಯೊಡೆಯ ಗುಮ್ಮೇಶ್ವರ' ಎಂದು ಆಕೆ ತನ್ನ ದೇವರನ್ನು ಕರೆಯುತ್ತಾಳೆ. ದೇವರ ಹೆಸರಿನೊಳಗೆ ತನ್ನ ಹೆಸರನ್ನೂ, ತನ್ನ ಹೆಸರಿನೊಡನೆ ತನ್ನ ಕದಿರನ್ನೂ ಸೇರಿಸಿದ್ದಾಳೆ. ರಾಟೆಯ ಅಂಗಾಂಗಗಳಲ್ಲಿ ದೈವವನ್ನು ಕಾಣುವ ಆಕೆಯ ವಚನವು ನೂಲುವ ಕೆಲಸವನ್ನು ಬಲ್ಲವರು ಮಾತ್ರ ಬರೆಯಬಹುದಾದುದು. ಅನುಭಾವವು ಆಕೆಯ ಕೆಲಸಕ್ಕೆ ಹೊರಗಿನಿಂದ ಬಂದುದಲ್ಲ, ಆ ಕೆಲಸದೊಳಗಿಂದಲೇ ಹುಟ್ಟಿದುದು.

ಇಲ್ಲಿ ಒಂದು ಆಕ್ಷೇಪ ಏಳಬಹುದು. ನೂಲುವುದು, ಕುಟ್ಟುವುದು, ಗುಡಿಸುವುದು ಹೆಣ್ಣಿಗೆ ಮೊದಲೇ ಅಂಟಿಕೊಂಡಿದ್ದ ಕೆಲಸಗಳಲ್ಲವೇ? ಅವುಗಳಿಗೆ ಕಾಯಕವೆಂಬ ಹೆಸರಿಟ್ಟ ಮಾತ್ರಕ್ಕೆ ಆಕೆಗೆ ದೊರೆತುದೇನು? ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಬಡವೆಯಾದ ಹೆಣ್ಣಿಗೆ ಕೆಲಸವನ್ನು ಆರಿಸಿಕೊಳ್ಳುವ ಅವಕಾಶ ಅಂದು ಹೆಚ್ಚಾಗಿರಲಿಲ್ಲ. ಆದರೆ ಕೆಲಸದ ಮೇಲಿನ ಅಧಿಕಾರ ಯಾರದೆಂಬುದನ್ನು ನೋಡಬೇಕು. ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ಮನೆಯೊಳಗೆ ಬರಗೊಡಲಿಲ್ಲ. ಇದು ಆಸೆಯ ಗಳಿಕೆ, ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿ ಎಂಬುದು ಆಕೆಯ ನಿಲುವು. ಗಂಡನು ಆ ಮಾತಿಗೆ ತಲೆಬಾಗಿದನು. ದುಡಿಮೆಯ ಉದ್ದೇಶವನ್ನು ನಿರ್ಣಯಿಸುವ ಹಕ್ಕು ಆ ಮನೆಯಲ್ಲಿ ಹೆಣ್ಣಿನದಾಗಿತ್ತು. ಅಂಗಳ ಗುಡಿಸುವ ಕಾಯಕದ ಸತ್ಯಕ್ಕನು ದಾರಿಯಲ್ಲಿ ಬಿದ್ದ ಹೊನ್ನನ್ನಾಗಲಿ ವಸ್ತ್ರವನ್ನಾಗಲಿ ಮುಟ್ಟೆನೆಂದು, ಲಂಚಕ್ಕೆ ಕೈಚಾಚೆನೆಂದು ಪ್ರತಿಜ್ಞೆ ಮಾಡಿದ್ದಾಳೆ. ಗುಡಿಸುವವಳ ಕಣ್ಣಿಗೇ ಬಿದ್ದ ವಸ್ತು ಮೊದಲು ಬೀಳುವುದು ಎಂಬುದನ್ನು ನೆನೆದರೆ ಈ ಪ್ರತಿಜ್ಞೆಯ ತೂಕ ತಿಳಿಯುತ್ತದೆ.

ಕಾಯಕವೆಂದರೆ ಹುಟ್ಟಿನಿಂದ ಬಂದ ಕಸುಬು ಎಂದು ತಿಳಿಯುವುದೂ ತಪ್ಪು. ಮೋಳಿಗೆ ಮಹಾದೇವಿಯು ಕಾಶ್ಮೀರದ ರಾಣಿಯಾಗಿದ್ದು, ಅರಮನೆಯನ್ನು ತೊರೆದು ಪತಿಯೊಡನೆ ಕಲ್ಯಾಣಕ್ಕೆ ಬಂದಳೆಂದೂ, ಅವರ ಬದುಕು ಸೌದೆಯ ಹೊರೆಯಿಂದ ಸಾಗಿತೆಂದೂ ಪರಂಪರೆ ಹೇಳುತ್ತದೆ. ಮಾರಯ್ಯನಿಗೆ ಕೈಲಾಸದ ಹಂಬಲ ಹುಟ್ಟಿದಾಗ, ಇಲ್ಲಿಯೇ ಇರುವುದನ್ನು ಅಲ್ಲಿ ಅರಸುವುದೇಕೆ ಎಂದು ತಿದ್ದಿದವಳೂ ಆಕೆಯೇ.

ಈ ಪರಂಪರೆ ಹನ್ನೆರಡನೆಯ ಶತಮಾನಕ್ಕೇ ಮುಗಿಯಲಿಲ್ಲವೆಂಬುದಕ್ಕೆ ಡಾ. ಜಯದೇವಿತಾಯಿ ಲಿಗಾಡೆಯವರ ಬದುಕು ಸಾಕ್ಷಿ. ಅವರು 1912ರಲ್ಲಿ ಸೊಲ್ಲಾಪುರದಲ್ಲಿ ಜನಿಸಿದರು. ಅನುಕೂಲವಂತರ ಮನೆತನ, ಶಾಲೆಯ ಕಲಿಕೆ ಮರಾಠಿಯಲ್ಲಿ, ಎಳೆಯ ವಯಸ್ಸಿನಲ್ಲಿಯೇ ಮದುವೆ. ರೆಮ್ಮವ್ವೆಗೆ ಬಡತನ ಕಟ್ಟಿದ ಬೇಲಿಯನ್ನು ಇವರಿಗೆ ಸಿರಿತನವೇ ಕಟ್ಟಬಹುದಾಗಿತ್ತು. ಆದರೆ ಶರಣಸಾಹಿತ್ಯದ ಮೇಲಿನ ಒಲವು ಅವರನ್ನು ಕನ್ನಡದ ಕಡೆಗೆ ಎಳೆಯಿತು. ಶಾಲೆಯಲ್ಲಿ ಕಲಿಯದ ಕನ್ನಡ ಬರಹವನ್ನು ಸ್ವಂತ ಪರಿಶ್ರಮದಿಂದ ವಶಮಾಡಿಕೊಂಡು, ಸೊನ್ನಲಿಗೆಯ ಸಿದ್ಧರಾಮನ ಚರಿತ್ರೆಯನ್ನು ತ್ರಿಪದಿಯಲ್ಲಿ ಹಾಡಿದರು. ತ್ರಿಪದಿಯು ಬೀಸುವ ಕಲ್ಲಿನ ಮುಂದೆ ಕುಳಿತ ಹೆಂಗಸರ ಛಂದಸ್ಸೆಂಬುದು ಇಲ್ಲಿ ಅರ್ಥಪೂರ್ಣ. ಮತ್ತೊಂದು ಕಡೆ ವಚನಗಳನ್ನು ಮರಾಠಿಗೆ ತಂದು, ತಾವು ಓದಿದ ಭಾಷೆಯ ಋಣವನ್ನೂ ತೀರಿಸಿದರು. 1974ರಲ್ಲಿ ಮಂಡ್ಯದಲ್ಲಿ ನಡೆದ 48ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಆ ಪೀಠವನ್ನೇರಿದ ಮೊದಲ ಮಹಿಳೆ ಅವರೇ.

ಅವರ ಕೊನೆಯ ವರ್ಷಗಳು ಬಸವಕಲ್ಯಾಣದಲ್ಲಿ ಕಳೆದವು. 1986ರಲ್ಲಿ ಅವರು ಲಿಂಗೈಕ್ಯರಾದರು. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಸಿದ್ಧರಾಮನು ಕಲ್ಯಾಣಕ್ಕೆ ಬಂದ ದಾರಿಯಲ್ಲಿಯೇ, ಎಂಟು ಶತಮಾನಗಳ ಅನಂತರ, ಅವನ ಚರಿತ್ರೆ ಬರೆದ ತಾಯಿಯೂ ನಡೆದುಬಂದರು.

ಕಲ್ಯಾಣ ನಾಡಿನ ಹೆಣ್ಣುಮಕ್ಕಳಿಗೆ ಈ ದಾರಿ ಸುಲಭವಾಗಿರಲಿಲ್ಲ. ಬೀದರ ಪ್ರಾಂತವು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದಿತು. ಕನ್ನಡದ ಕಲಿಕೆಗೆ ಅಲ್ಲಿ ಆಸರೆ ಕಡಿಮೆ. 1956ರ ಏಕೀಕರಣದ ಅನಂತರವೂ ಹಿಂದುಳಿದ ಈ ಭಾಗಕ್ಕೆ ಸಂವಿಧಾನದ 371ಜೆ ವಿಧಿಯ ಮೂಲಕ ವಿದ್ಯೆ-ಉದ್ಯೋಗಗಳಲ್ಲಿ ಮೀಸಲಾತಿ ದೊರೆಯುವ ದಾರಿ ತೆರೆದುದು 2012ರ ತಿದ್ದುಪಡಿಯಿಂದ. ಬಾಗಿಲು ತಡವಾಗಿ ತೆರೆದಿದೆ. ಒಳಗೆ ಹೋಗಿ ಏನು ಮಾಡಬೇಕೆಂಬುದು ಮುಡಬಿಯಂಥ ಊರಿನ ಮಗಳ ಮುಂದಿರುವ ಪ್ರಶ್ನೆ.

ಆಕೆ ದಾದಿಯಾಗಬಹುದು, ಉಪಾಧ್ಯಾಯಿನಿಯಾಗಬಹುದು, ಹೊಲವನ್ನೇ ನೆಚ್ಚಬಹುದು. ಯಾವ ಕೆಲಸವೆಂಬುದನ್ನು ಶರಣೆಯರು ಆಕೆಗೆ ವಿಧಿಸುವುದಿಲ್ಲ. ಈ ಕೆಲಸದಲ್ಲಿ ನನ್ನ ಮನಸ್ಸು ನೆಲೆಸಿದೆಯೇ, ಇದರ ಫಲ ನನ್ನ ಮನೆಯ ಹೊಸ್ತಿಲನ್ನು ದಾಟಿ ಇತರರಿಗೂ ಮುಟ್ಟುತ್ತದೆಯೇ ಎಂದು ಕೇಳಿಕೊಳ್ಳಲು ಮಾತ್ರ ಕಲಿಸುತ್ತಾರೆ. ಹಾಗೆ ಕೇಳಿಕೊಂಡು ಆರಿಸಿದ ಕೆಲಸವು ಒಂದು ದಿನ ಆಕೆಯ ಹೆಸರಿನ ಹಿಂದೆ ತಾನಾಗಿಯೇ ಬಂದು ನಿಲ್ಲುತ್ತದೆ, ರೆಮ್ಮವ್ವೆಯ ಹೆಸರಿನ ಹಿಂದೆ ಕದಿರು ನಿಂತಂತೆ.