ಸಮುದ್ರದ ತಳದಿಂದ ಎದ್ದು ಬಂದ ನಿಜಾಮನ ನೋಟು

ಮೊನ್ನೆ ಶಹಾಪುರದಿಂದ ಒಬ್ಬ ವೀಕ್ಷಕರು ಸ್ಟುಡಿಯೋಗೆ ಫೋನ್ ಮಾಡಿದ್ರು. "ಸರ್, ನಮ್ಮ ಅಜ್ಜಿ ಟ್ರಂಕಿನ್ಯಾಗ ನಿಜಾಮನ ಕಾಲದ ಹತ್ತು ರೂಪಾಯಿ ನೋಟು ಸಿಕ್ಕದ. ಒಬ್ಬಾಂವ ಎಂಟು ಲಕ್ಷ ಕೊಡ್ತೀನಿ ಅಂತಾನ್ರಿ. ಮೊದಲು ಹನ್ನೆರಡು ಸಾವಿರ ಫೀಸು ಕಟ್ರಿ ಅಂತಾನ. ಕಟ್ಲೇನ್ರಿ?"

ಕಟ್ಟಬೇಡಿ. ಇದು ನನ್ನ ಮೊದಲ ಉತ್ತರ. ಆದರೆ ಆ ನೋಟಿಗೆ ಬೆಲೆಯೇ ಇಲ್ಲವಾ? ಅದಕ್ಕೆ ಸ್ವಲ್ಪ ಇತಿಹಾಸ ನೋಡಬೇಕು.

ಶಹಾಪುರ, ಸುರಪುರ, ಯಾದಗಿರಿ ಆಗ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಸಂಸ್ಥಾನಕ್ಕೆ ತನ್ನದೇ ದುಡ್ಡಿತ್ತು. ಜನ ಅದನ್ನು ಹಾಲಿ ಸಿಕ್ಕಾ ಅಂತಿದ್ದರು, ಬ್ರಿಟಿಷರ ರೂಪಾಯಿಗೆ ಕಲ್ದಾರ್ ಅಂತಿದ್ದರು. 1918ರಲ್ಲಿ ನಿಜಾಮ ಸರ್ಕಾರ ಕಾಗದದ ನೋಟು ತಂತು. ಉರ್ದು ದೊಡ್ಡದಾಗಿ, ಜೊತೆಗೆ ಮರಾಠಿ, ತೆಲುಗು, ಇಂಗ್ಲಿಷ್. ಮತ್ತೆ ನಮ್ಮ ಕನ್ನಡ. ಹೌದು, ನಿಜಾಮನ ನೋಟಿನ ಮೇಲೆ ಕನ್ನಡ ಇತ್ತು! ಇದನ್ನು ಮೊದಲ ಸಲ ನೋಡಿದಾಗ ನನಗೂ ರೋಮಾಂಚನ ಆಗಿತ್ತು.

1948ರ ಸೆಪ್ಟೆಂಬರ್‌ನಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು. ದುಡ್ಡು ಮಾತ್ರ ಒಂದೇ ದಿನಕ್ಕೆ ಬದಲಾಗಲಿಲ್ಲ. 1950ರಲ್ಲಿ ಭಾರತದ ರೂಪಾಯಿ ಬಂತು. ಏಳು ಹಾಲಿ ಕೊಟ್ಟರೆ ಆರು ರೂಪಾಯಿ. ಹಾಲಿ ಸಿಕ್ಕಾ ಪೂರ್ತಿ ರದ್ದಾಗಿದ್ದು 1959ರಲ್ಲಿ. ಅಷ್ಟು ವರ್ಷ ಸಿಕ್ಕಾಗ ಯಾರು ತಾನೆ ನೋಟು ಇಟ್ಟುಕೊಂಡು ಕೂರ್ತಾರೆ? ಅದರಲ್ಲೂ ಸಾವಿರದ ನೋಟು! ಅದು ಇದ್ದದ್ದೇ ಶ್ರೀಮಂತರ ಹತ್ತಿರ, ಅವರು ಮೊದಲೇ ಓಡಿಹೋಗಿ ಬದಲಾಯಿಸಿಕೊಂಡರು. ಹಾಗಾಗಿ ಇವತ್ತು ಅದು ಅಪರೂಪ. ಚಾರ್‌ಮಿನಾರ್ ಇರೋ ಬೆಳ್ಳಿ ರೂಪಾಯಿ ಹಾಗಲ್ಲ. ಬೆಳ್ಳಿ ಅಂತ ಹೆಣ್ಮಕ್ಕಳು ಗಂಟು ಕಟ್ಟಿ ಇಟ್ಟರು, ರಾಶಿಗಟ್ಟಲೆ ಉಳಿದವು. ಅದಕ್ಕೇ ಸಾಮಾನ್ಯ ನಾಣ್ಯ ಬೆಳ್ಳಿಯ ದರಕ್ಕಿಂತ ಬಹಳ ಮೇಲೆ ಹೋಗಲ್ಲ. ಹಳೇದಾದರೆ ಸಾಲದು ಸ್ವಾಮಿ, ಕಡಿಮೆ ಉಳಿದಿರಬೇಕು.

ಇನ್ನೊಂದು ಸ್ವಾರಸ್ಯ ಕೇಳಿ. 1922ರ ಮೇ 20. ಲಂಡನ್‌ನಿಂದ ಮುಂಬಯಿಗೆ ಹೊರಟಿದ್ದ 'ಈಜಿಪ್ಟ್' ಹಡಗಿಗೆ ಫ್ರಾನ್ಸ್ ಕರಾವಳಿಯ ಮಂಜಿನಲ್ಲಿ ಇನ್ನೊಂದು ಹಡಗು ಬಡಿಯಿತು. ಇಪ್ಪತ್ತು ನಿಮಿಷದೊಳಗೆ ಮುಳುಗಿಯೇ ಹೋಯ್ತು. ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಅದರೊಳಗೆ ಚಿನ್ನ, ಬೆಳ್ಳಿ, ಜೊತೆಗೆ ಇಂಗ್ಲೆಂಡಿನಲ್ಲಿ ಮುದ್ರಿಸಿದ್ದ ನಿಜಾಮನ ನೋಟುಗಳ ಕಟ್ಟು. ಹತ್ತು ವರ್ಷದ ನಂತರ, 1932ರಲ್ಲಿ, ಇಟಲಿಯ 'ಆರ್ಟಿಗ್ಲಿಯೋ' ಹಡಗಿನವರು ಚಿನ್ನ ಎತ್ತಲು ಹೋದರೆ ಈ ನೋಟುಗಳೂ ಮೇಲೆ ಬಂದವು! ಅವುಗಳ ಮೇಲೆ ಅಧಿಕಾರಿಯ ಸಹಿಯೇ ಇನ್ನೂ ಬಿದ್ದಿರಲಿಲ್ಲ. ಅಂದರೆ ಶಹಾಪುರದ ಸಂತೆಯಲ್ಲಿ ಅದಕ್ಕೆ ಒಂದು ಸೇರು ಜೋಳವೂ ಬರುತ್ತಿರಲಿಲ್ಲ. ಇವತ್ತು ಸಂಗ್ರಾಹಕರು ಅದನ್ನೇ ಹುಡುಕಿ ಹುಡುಕಿ ಕೊಳ್ಳುತ್ತಾರೆ.

ಅಮೆರಿಕದವರದ್ದೂ ಇದೇ ಹುಚ್ಚು. ಬೇಸ್‌ಬಾಲ್ ಆಟಗಾರರ ಚಿತ್ರದ ಕಾರ್ಡು ಅವರಿಗೆ ಪ್ರಾಣ. 1952ರ ಕಾರ್ಡುಗಳು ಮಾರಾಟವಾಗದೆ ಗೋದಾಮಿನಲ್ಲಿ ಉಳಿದವು ಅಂತ ಟಾಪ್ಸ್ ಕಂಪನಿ 1960ರಲ್ಲಿ ಅವನ್ನು ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿತು. ಆ ವರ್ಷದ ಮಿಕ್ಕಿ ಮ್ಯಾಂಟಲ್ ಕಾರ್ಡು ಒಂದು 2022ರಲ್ಲಿ 1.26 ಕೋಟಿ ಡಾಲರಿಗೆ ಹೋಯ್ತು. ಎಲ್ಲಾ ಮ್ಯಾಂಟಲ್ ಕಾರ್ಡಿಗೂ ಅಷ್ಟು ಬರುತ್ತಾ? ಇಲ್ಲ. ಮೂಲೆ ಮಾಸದೆ, ಮಡಿಕೆ ಬೀಳದೆ ಉಳಿದಿದ್ದಕ್ಕೆ ಆ ಬೆಲೆ. ನಮ್ಮವರು ಏನ್ಮಾಡ್ತಾರೆ? ನಾಣ್ಯವನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೀತಾರೆ, ನೋಟಿಗೆ ಲ್ಯಾಮಿನೇಷನ್ ಮಾಡಿಸ್ತಾರೆ. ಅಲ್ಲಿಗೆ ಅರ್ಧ ಬೆಲೆ ಹೋಯ್ತು.

ಈಗ ಆ ಎಂಟು ಲಕ್ಷದ ವಿಷಯ. ಹಳೇ ನೋಟು, ನಾಣ್ಯ ಕೊಳ್ಳುತ್ತೇವೆ ಅಂತ ರಿಸರ್ವ್ ಬ್ಯಾಂಕಿನ ಹೆಸರು ಹೇಳಿಕೊಂಡು ಫೀಸು, ಕಮಿಷನ್, ತೆರಿಗೆ ಕೇಳುವವರನ್ನು ನಂಬಬೇಡಿ ಅಂತ 2021ರ ಆಗಸ್ಟ್‌ನಲ್ಲೇ ರಿಸರ್ವ್ ಬ್ಯಾಂಕ್ ಎಚ್ಚರಿಸಿದೆ. ನಿಜವಾದ ವ್ಯಾಪಾರಿ ಮೊದಲು ನೋಟನ್ನು ಕೈಯಲ್ಲಿ ಹಿಡಿದು, ಬೆಳಕಿಗೆ ಒಡ್ಡಿ ನೋಡ್ತಾನೆ. ನೋಟು ನೋಡದೆ ದುಡ್ಡು ಕೇಳೋನು ವ್ಯಾಪಾರಿ ಅಲ್ಲ.

ಇದನ್ನೆಲ್ಲ ಹೇಳಿದ ಮೇಲೆ ಆ ಕಡೆ ಸ್ವಲ್ಪ ಹೊತ್ತು ಮಾತೇ ಇರಲಿಲ್ಲ. ಆಮೇಲೆ ಮೆಲ್ಲಗೆ ಅಂದರು: "ನಾಲ್ಕು ಸಾವಿರ ಆಗ್ಲೇ ಹಾಕೀನ್ರಿ ಸರ್." ಸೈಬರ್ ಸಹಾಯವಾಣಿ 1930ಕ್ಕೆ ಈಗಲೇ ಫೋನ್ ಮಾಡಿ ಅಂದೆ. ನೋಟು ಏನು ಮಾಡ್ಲಿ ಅಂತ ಕೇಳಿದರು. ಲ್ಯಾಮಿನೇಷನ್ ಒಂದು ಮಾಡಿಸಬೇಡಿ ಅಂದೆ.